ಹೂ ತೆಗೆದ ಟೊಂಗೆ

ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಹಿಗ್ಗುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಕೈಯಲ್ಲಿ ಚೀಲ ಹಿಡಿದುಕೊಂಡು ಅವನ ಹಿಂದೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಅಂತ ನಾಲ್ಕೂ ತಾಲೂಕು ತಿರುಗಿ ಕಾಲು ಸವೆಸಿಕೊಂಡಿದ್ದೇನೆ. ಅವನು ನಮ್ಮ ಕಾಕಾ, ನನ್ನ ಅಪ್ಪನ ತಮ್ಮ. ಚೀಲದಲ್ಲಿ ಇರುತ್ತಿದ್ದದ್ದು ಒಂದು ಗಿಡದ ಟೊಂಗೆ. ಕಾಕಾ ಕಂಡಕಂಡವರ ಮುಂದೆ ಅದನ್ನು ಹಿಡಿದು "ಇದು ಏನ್ ಗಿಡ, ಹೇಳ್ರಿ ನೋಡೋಣ" ಅನ್ನುತ್ತಿದ್ದ. ಗೊತ್ತಿಲ್ಲ ಅಂದವರಿಗೆ ಒಂದು ಕಪ್ ಚಹಾ ಕುಡಿಸುತ್ತಿದ್ದ. ಅದನ್ನು ತಿನ್ನುವ ಸೊಪ್ಪು ಅಂದುಬಿಟ್ಟವರಿಗಂತೂ ಚಹಾದ ಜೊತೆಗೆ ಬಿಸಿ ಮಿರ್ಚಿ ಭಜಿಯೂ ಸಿಗುತ್ತಿತ್ತು. ಸರಿಯಾಗಿ ಹೇಳಿದವರಿಗೆ ಏನು ಕೊಡುತ್ತಿದ್ದ ಅಂತ ಕೇಳಬೇಡಿ. ಅಂಥವರು ಬಹಳ ದಿನ ಸಿಗಲೇ ಇಲ್ಲ!

ಇದು ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲದ ಮಾತು. ನಮ್ಮ ಈ ತಾಲೂಕುಗಳೆಲ್ಲ ಆಗಿನ್ನೂ ರಾಯಚೂರು ಜಿಲ್ಲೆಯಲ್ಲಿದ್ದವು. ಇರಕಲ್ಲಗಡದ ಆಚೆಯ ಒಂದು ಹಳ್ಳಿಯಲ್ಲಿ ನನಗೆ ಸಾಲಿ ಮಾಸ್ತರನ ಕೆಲಸ ಸಿಕ್ಕಿತ್ತು. ಕಾಕಾನ ಊರೂ ಅದೇ. ಕಾಕಾನಿಗೂ ಅವನ ಹೆಂಡತಿ ಚಿಗವ್ವನಿಗೂ ಮಕ್ಕಳಿರಲಿಲ್ಲ, ನನಗೆ ಇನ್ನೂ ಮದುವೆಯಾಗಿರಲಿಲ್ಲ. ಹೀಗಾಗಿ ನನ್ನ ಟ್ರಂಕು ಅವರ ಪಡಸಾಲೆಯಲ್ಲಿ ಇಳಿಯಿತು. ಊಟಕ್ಕೆ, ನಿದ್ದೆಗೆ, ಜಗಳಕ್ಕೆ ಮೂರೇ ಜನ.

ಟೊಂಗೆಯ ಹುಚ್ಚು ಹತ್ತುವ ಮೊದಲೇ ಕಾಕಾನಿಗೆ ಇನ್ನೊಂದು ಹುಚ್ಚಿತ್ತು. ಚಿಗವ್ವ ಏನು ಮಾಡಿ ಬಡಿಸಿದರೂ ಹೊಗಳುವುದು. ಇದೇನು ಹುಚ್ಚು, ಒಳ್ಳೆಯ ಗುಣವಲ್ಲವೇ ಅಂತೀರಾ? ದಿನಾ ಎರಡು ಹೊತ್ತು ಪಕ್ಕದಲ್ಲಿ ಕೂತು ಕೇಳಿದ್ದರೆ ನೀವು ಹಾಗೆ ಅನ್ನುತ್ತಿರಲಿಲ್ಲ. ರೊಟ್ಟಿ ಸೀದು ಕರ್ರಗಾದರೆ "ಹೊಟ್ಟಿಗೆ ಇಂಥಾದ್ದ ಛಲೋ" ಅನ್ನುತ್ತಿದ್ದ. ಒಂದು ದಿನ ಬೇಳೆಗೆ ಉಪ್ಪು ಹಾಕುವುದನ್ನೇ ಚಿಗವ್ವ ಮರೆತಿದ್ದಳು. ನಾನು ಮೊದಲ ತುತ್ತಿಗೇ ಮುಖ ಹಿಂಡಿದೆ. ಕಾಕಾ ತಟ್ಟೆ ನೆಕ್ಕುವುದೊಂದು ಬಾಕಿ.

"ಇವತ್ತಿನ ಬ್ಯಾಳಿ ಭಾಳ ಛಲೋ ಆಗೈತಿ. ಬ್ಯಾಳಿದು ಖರೇ ರುಚಿ ಇವತ್ತು ತಿಳೀತು ನೋಡು" ಅಂದ.

ಚಿಗವ್ವ ಒಂದು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಸೌಟು ಕೆಳಗಿಟ್ಟು, "ಇವರ ತಾಟಿಗೆ ಮಣ್ಣು ಕಲಸಿ ಹಾಕಿದ್ರೂ ಛಲೋ ಆಗೈತಿ ಅಂತಾರ. ಒಂದು ದಿನರ ಖರೇ ಹೇಳ್ರಿ ಮಾರಾಯ್ರ! ನಾ ಮಾಡಿದ್ದು ಹೆಂಗ ಆಗೈತಿ ಅಂತ ನನಗ ಗೊತ್ತಾಗೋದು ಯಾವಾಗ?" ಅಂದಳು.

"ಖರೇನ ಹೇಳಾಕತ್ತೀನಿ" ಅಂದ ಕಾಕಾ, ಇನ್ನೊಂದು ಸೌಟು ಹಾಕಿಸಿಕೊಂಡು.

ಇನ್ನು ಚಿಗವ್ವನ ವಿಷಯ. ಅಡವಿಯ ಪಲ್ಲೆ ಆರಿಸುವುದರಲ್ಲಿ ಊರಲ್ಲಿ ಅವಳನ್ನು ಬಿಟ್ಟರೆ ಇಲ್ಲ ಎಂದು ಹೆಸರಿತ್ತು. ಮೊದಲ ಮಳೆ ಬಿದ್ದು ಒಂದು ವಾರ ಕಳೆಯಿತೆಂದರೆ ಹೊಲದ ಬದುಗಳ ಮೇಲೆ ತಾನಾಗಿ ಹುಟ್ಟುವ ಹಕ್ಕರಕಿ, ಗೋಳಿ, ಕಿರಕಸಾಲಿ, ರಾಜಗಿರಿ ಎಲ್ಲ ಅವಳ ಉಡಿಗೆ ಬಂದು ಬೀಳುತ್ತಿದ್ದವು. ಎಲ್ಲವನ್ನೂ ಸೇರಿಸಿ ಬೆರಕಿ ಪಲ್ಲೆ ಮಾಡುತ್ತಿದ್ದಳು. ಇದನ್ನು ಮಾತ್ರ ಕಾಕಾ ಹೊಗಳಿದರೆ ನಾನೂ ತಲೆ ಆಡಿಸುತ್ತಿದ್ದೆ.

ಎಡವಟ್ಟಾದದ್ದು ಆ ಪಲ್ಲೆಯಿಂದಲೇ. ಮಳೆಗಾಲದ ಒಂದು ರವಿವಾರ ಕನಕಗಿರಿ ಕಡೆಯಿಂದ ನನ್ನನ್ನು ನೋಡಲು ಹೆಣ್ಣಿನ ಅಪ್ಪ, ಅವಳ ಸೋದರಮಾವ ಮತ್ತು ಮಾತಾಡಲು ಒಬ್ಬ ಹಿರಿಯರು ಹೇಳದೆ ಕೇಳದೆ ಬಂದು ಕಟ್ಟೆಯ ಮೇಲೆ ಕೂತರು. ಮನೆಯಲ್ಲಿ ತರಕಾರಿ ಇರಲಿಲ್ಲ. ಚಿಗವ್ವ ಅವಸರದಲ್ಲಿ ಹೊರಟಳು. ಊರ ಹೊರಗೆ ರಸ್ತೆ ಮಾಡಲೆಂದು ಎಲ್ಲಿಂದಲೋ ಗರಸು ಮಣ್ಣು ತಂದು ಗುಡ್ಡೆ ಹಾಕಿದ್ದರು. ಅದರ ಮೇಲೆ ಎಳೆಯ ಸೊಪ್ಪು ಸೊಂಪಾಗಿ ಎದ್ದಿತ್ತು. ರಾಜಗಿರಿ ಅಂದುಕೊಂಡು ಅದನ್ನೂ ಚಿವುಟಿ ಉಡಿಗೆ ಹಾಕಿಕೊಂಡು ಬಂದಳು. ಆ ಗಿಡ ನಮ್ಮ ಸೀಮೆಯದೇ ಅಲ್ಲ, ಮಣ್ಣಿನ ಜೊತೆ ಬೀಜವಾಗಿ ಬಂದದ್ದು ಎಂದು ಯಾರಿಗೆ ಗೊತ್ತು?

ನಮ್ಮಲ್ಲಿ ಬಂದವರು, ಗಂಡಸರು ಮೊದಲು ಉಣ್ಣಬೇಕು, ಬಡಿಸಿದವಳು ಕಡೆಗೆ. ಆವತ್ತೂ ಹಾಗೆಯೇ ಆಯಿತು. ನಾನು ನಾಚಿಕೆಯಲ್ಲಿ ರೊಟ್ಟಿಯನ್ನು ಪಲ್ಲೆಗೆ ಮುಟ್ಟಿಸಿ ಮುಟ್ಟಿಸಿ ತಿನ್ನುತ್ತಿದ್ದೆ, ಬಾಯಲ್ಲಿ ಏನಿದೆ ಅನ್ನುವುದರ ಮೇಲೆ ಲಕ್ಷ್ಯವೇ ಇರಲಿಲ್ಲ. ಹೆಣ್ಣಿನ ಅಪ್ಪ ಮಾತ್ರ ಮೊದಲ ತುತ್ತಿಗೆ ಕೈ ತಡೆದು ಸೋದರಮಾವನ ಮುಖ ನೋಡಿದ. ಕಾಕಾ ಬಿಡುತ್ತಾನೆಯೇ?

"ತಿನ್ರಿ ಬೀಗರ, ಸಂಕೋಚ ಮಾಡಬ್ಯಾಡ್ರಿ! ಇಂಥಾ ಪಲ್ಲೆ ನಿಮಗ ಎಲ್ಲೂ ಸಿಗಂಗಿಲ್ಲ" ಅಂದು ತಾನು ಮತ್ತೊಮ್ಮೆ ಹಾಕಿಸಿಕೊಂಡ. ಬೀಗರು ಪಾಪ, ಮರ್ಯಾದಸ್ಥರು. ತಟ್ಟೆ ಖಾಲಿ ಮಾಡಿದರು.

ಕಾಕಾ ಹೇಳಿದ ಮಾತು ನಿಜವಾಯಿತು. ಅಂಥ ಪಲ್ಲೆ ಅವರಿಗೆ ಮತ್ತೆಲ್ಲೂ ಸಿಕ್ಕಿರಲಿಕ್ಕಿಲ್ಲ! ಎಲೆ ಅಡಿಕೆ ಹಾಕಿಕೊಳ್ಳುವ ಮೊದಲೇ ಮಾತಾಡಲು ಬಂದ ಹಿರಿಯರಿಗೆ ಮಾತು ತೊದಲಿತು. ಹೆಣ್ಣಿನ ಅಪ್ಪ ಕಟ್ಟೆಯಿಂದ ಇಳಿಯಲು ಹೋಗಿ ಕಾಲು ನಿಲ್ಲದೆ ಕೂತುಬಿಟ್ಟ. ವಾಂತಿ, ತಲೆ ಸುತ್ತು, ಮೈಯೆಲ್ಲ ನಡುಕ. ಎಲ್ಲರಿಗಿಂತ ಹೆಚ್ಚು ನೆಲಕಚ್ಚಿದವನು ಕಾಕಾ. ನಮ್ಮನ್ನೆಲ್ಲ ಚಕ್ಕಡಿಗೆ ಹೇರಿ, ಇರಕಲ್ಲಗಡದಲ್ಲಿ ಒಂದು ಲಾರಿ ಹಿಡಿದು, ಕೊಪ್ಪಳದ ದವಾಖಾನೆಗೆ ಮುಟ್ಟಿಸಿದರು. ದೇವರು ದೊಡ್ಡವನು, ಎಲ್ಲರೂ ಉಳಿದರು. ಹೆಣ್ಣು ಮಾತ್ರ ಉಳಿಯಲಿಲ್ಲ. ನನಗೆ, ಅಂತ ಹೇಳಿದೆ! ಅವಳ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ.

ಮೈಯಲ್ಲಿನ ನಂಜು ಬೇಗ ಇಳಿಯಿತು, ಊರ ಬಾಯಲ್ಲಿನದು ಇಳಿಯಲಿಲ್ಲ. "ಉಂಡವರೆಲ್ಲ ನೆಲ ಹಿಡಿದ್ರು, ಮಾಡಿದಾಕಿ ಗಟ್ಟಿ ನಿಂತಾಳ, ಹೆಂಗ?" ಎಂದು ಹೋಗುವಾಗ ಸೋದರಮಾವ ಕೇಳಿದ್ದ. ಕಡೆಗೆ ಉಣ್ಣಬೇಕಾದವಳು ಉಣ್ಣುವ ಮೊದಲೇ ಎಲ್ಲರೂ ಬಿದ್ದಿದ್ದರು, ಇನ್ನು ಅವಳು ಉಣ್ಣುವುದೆಲ್ಲಿ ಬಂತು? ಆದರೆ ಊರಿಗೆ ಅಷ್ಟು ಸರಳವಾದ ಕಾರಣ ಸಾಲುವುದಿಲ್ಲ. ಬಾವಿಕಟ್ಟೆಯಲ್ಲಿ ಬೇರೆಯೇ ಕಾರಣ ಹುಟ್ಟಿತು. ಮಕ್ಕಳಿಲ್ಲದಾಕಿ, ಭಾವನ ಮಗ ಮನೆಯಲ್ಲಿದ್ದು ದುಡಿದು ಹಾಕುತ್ತಾನೆ, ಅವನಿಗೆ ಮದುವೆಯಾದರೆ ಇವಳ ಗತಿ ಏನು, ಅದಕ್ಕೇ ಹೀಗೆ ಮಾಡಿದ್ದಾಳೆ! ಇಂಥದನ್ನು ಯೋಚಿಸುವ ತಲೆಗಳ ಮುಂದೆ ಯಾವ ನಂಜಿನ ಗಿಡ ನಿಲ್ಲುತ್ತದೆ ಹೇಳಿ.

ಚಿಗವ್ವ ಯಾರ ಜೊತೆಗೂ ಜಗಳವಾಡಲಿಲ್ಲ. ಪಲ್ಲೆ ಆರಿಸಲು ಹೋಗುವುದನ್ನು ಬಿಟ್ಟಳು. ಬಾಣಂತಿಯರ ಮನೆಗಳಿಂದ, ಮದುವೆ ಮನೆಗಳಿಂದ ಅಡುಗೆಗೆ ಕರೆಯುತ್ತಿದ್ದರು, ಆ ಕರೆ ನಿಂತಿತು. ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ತಟ್ಟೆ ಹಾಕಿ ನಮ್ಮನ್ನು ಕೂರಿಸಿದ ಮೇಲೆ ಅವಳು ನಮ್ಮೆದುರಿಗೇ ಒಂದು ತುತ್ತು ತಾನು ತಿನ್ನುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಆಮೇಲೆ ಬಡಿಸುತ್ತಿದ್ದಳು. ಆ ಹೊತ್ತಿನಲ್ಲಿ ಕಾಕಾ ಗೋಡೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದ. ನಾನು ತಟ್ಟೆಯ ಅಂಚು ನೋಡುತ್ತಿದ್ದೆ. ಅದೆಂಥ ಊಟ! ಹಸಿವೇ ಹಾರಿಹೋಗುತ್ತಿತ್ತು.

ಕಾಕಾನ ಟೊಂಗೆಯ ಯಾತ್ರೆ ಶುರುವಾದದ್ದು ಆಗಲೇ. ಗುಡ್ಡೆಯ ಮೇಲಿನ ಗಿಡಗಳು ಅಷ್ಟರಲ್ಲಿ ನನ್ನೆತ್ತರ ಬೆಳೆದು, ಕೊಳವೆಯಂಥ ಉದ್ದನೆಯ ಹಳದಿ ಹೂ ಬಿಟ್ಟಿದ್ದವು. ಯಾವ ಆಡೂ ಮೂತಿ ಹಾಕಿರಲಿಲ್ಲ. ಕಾಕಾ ಒಂದು ಟೊಂಗೆ ಮುರಿದುಕೊಂಡು, ರಜೆಯ ದಿನ ಹಾಸಿಗೆಯಲ್ಲಿ ಬಿದ್ದಿದ್ದ ನನ್ನನ್ನು ಎಬ್ಬಿಸಿದ.

"ಏಳು ಮಾಸ್ತರ. ಕುಷ್ಟಗಿಗೆ ಹೋಗೂಣು."

"ಕುಷ್ಟಗ್ಯಾಗ ಏನೈತಿ ಕಾಕಾ?"

"ಹಕೀಮರು ಅದಾರ."

ಕುಷ್ಟಗಿಯ ಹಕೀಮ ಸಾಹೇಬರ ಅಂಗಡಿಯಲ್ಲಿ ಬೇರು, ತೊಗಟೆ, ಬೀಜಗಳ ಡಬ್ಬಿ ಸೂರಿನವರೆಗೆ ಇದ್ದವು. ಬಾಗಿಲ ಹೊರಗೆ ಕಾಕಾ ಟೊಂಗೆಯನ್ನು ಚೀಲದಿಂದ ತೆಗೆದ. ಅದರ ತುದಿಯ ಹಳದಿ ಹೂಗಳನ್ನೆಲ್ಲ ಒಂದೂ ಉಳಿಯದಂತೆ ಚಿವುಟಿ ಎಸೆದ. ಬಲಿತ ಎಲೆಗಳನ್ನೂ ಕಿತ್ತು, ಎಳೆಯ ಕುಡಿಯನ್ನು ಮಾತ್ರ ಉಳಿಸಿಕೊಂಡು ಒಳಗೆ ಹೋದ. ಹಕೀಮರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಯಾ ಅಲ್ಲಾ! ಇದು ನಮ್ಮ ಕಡಿ ದವಾ ಅಲ್ಲರಿ. ಪಾಲಕ್ ಇರಬೇಕ್ರಿ, ಗೊಬ್ಬರ ಜಾಸ್ತಿ ಆಗಿ ಹಿಂಗ ಆಗೈತಿ" ಅಂದರು.

"ಪಾಲಕ್! ಕೇಳಿದೇನು ಮಾಸ್ತರ? ತಿನ್ನೋ ಪಾಲಕ್!" ಕಾಕಾನ ಮುಖ ಅರಳಿತು. ಹಕೀಮರಿಗೆ ಚಹಾ, ಮಿರ್ಚಿ ಎರಡೂ ಬಂದವು. ಯಾಕೆ ಬಂದವು ಅಂತ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ, ನನಗೂ ಆಗ ತಿಳಿದಿರಲಿಲ್ಲ.

ಮುಂದಿನ ವಾರ ಯಲಬುರ್ಗಾ. ಅಲ್ಲಿ ಬೇಸಾಯದ ಬಗ್ಗೆ ರೈತರಿಗೆ ತಿಳಿಸಿ ಹೇಳುವ ಒಬ್ಬ ಸಾಹೇಬರು ಚಹಾದಂಗಡಿಯಲ್ಲಿ ಸಿಕ್ಕರು. ಗೊತ್ತಿಲ್ಲ ಅನ್ನುವ ಪದವನ್ನು ಅವರು ಕಲಿತಂತೆ ಕಾಣಲಿಲ್ಲ. ಕುಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಹೈಬ್ರೀಡ್ ಬದನಿ. ಇನ್ನೂ ನಿಮ್ಮೂರಿಗೆ ಬಂದಿಲ್ಲ" ಅಂದರು.

"ಬಂದು ಭಾಳ ದಿನ ಆತು ಸಾಹೇಬ್ರ" ಅಂದ ಕಾಕಾ ವಿನಯದಿಂದ. ಆ ಸಾಹೇಬರಿಗೆ ಮಿರ್ಚಿಯ ಜೊತೆಗೆ ಮಂಡಕ್ಕಿ ಒಗ್ಗರಣಿಯನ್ನೂ ತಿನ್ನಿಸಿದ!

ನವಲಿ ಕಡೆ ಕಾಲುವೆ ನೀರಿಗೆಂದು ಆಂಧ್ರದಿಂದ ಬಂದು ಬತ್ತ ಬೆಳೆಯುತ್ತಿದ್ದ ಒಬ್ಬ ರೈತರು, ಅದರ ಬೂದಿ ಬಣ್ಣ ನೋಡಿ, "ಅಯ್ಯೋ, ಇದು ಕಾಲಿಫ್ಲವರ್ ಅಂಡಿ. ನಿಮ್ಮ ಬಿಸಿಲಿಗೆ ಕೆಟ್ಟೋಗೈತಿ" ಅಂದು ಮರುಗಿದರು. ಒಬ್ಬ ಬಸ್ ಕಂಡಕ್ಟರು ಇದನ್ನು ಔಡಲದ ಗಿಡ ಅಂದ. ಇನ್ನೊಬ್ಬ, ಮೊದಲು ಟಿಕೇಟು ತೆಗೆಸಿರಿ, ಆಮೇಲೆ ಹೇಳುತ್ತೇನೆ ಅಂದ. ಬಸ್ಸಿನಲ್ಲಿ ನಾನು ಎಷ್ಟು ಸಲ ಆ ಕಾಕಾ ನಮ್ಮವನಲ್ಲ ಅನ್ನುವಂತೆ ಕಿಟಕಿಯ ಹೊರಗೆ ನೋಡಿದ್ದೇನೋ! ಅಷ್ಟಾದರೂ ಚೀಲ ನನ್ನ ತೊಡೆಯ ಮೇಲೆಯೇ ಇರುತ್ತಿತ್ತು.

ತಿರುಗಿ ಬಂದ ಸಂಜೆ ಕಾಕಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ವರದಿ ಒಪ್ಪಿಸುತ್ತಿದ್ದ. "ಅಂಥಾ ಹಕೀಮರಿಗೆ ಗೊತ್ತಾಗಲಿಲ್ಲ. ಪಾಲಕ್ ಅಂದ್ರು. ಸಾಹೇಬ್ರು ಬದನಿ ಅಂದ್ರು. ಎಷ್ಟು ಓದಿದವರು!" ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ. ವರದಿ ಮುಗಿದ ಮೇಲೆ ಕಾಕಾ ಆಸೆಯಿಂದ ತಟ್ಟೆಯ ಮುಂದೆ ಕೂರುತ್ತಿದ್ದ. ಅವಳು ಮತ್ತೆ ಅದೇ ಮೊದಲ ತುತ್ತನ್ನು ತಾನು ತಿನ್ನುತ್ತಿದ್ದಳು. ಕಾಕಾ ಗೋಡೆಗೆ ತಿರುಗುತ್ತಿದ್ದ. ಮುಂದಿನ ವಾರ ಇನ್ನೊಂದು ಊರು.

ಒಂದು ದಿನ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. ಬಿಸಿಲು ತಲೆಗೇರಿತ್ತು, ಬಸ್ಸು ಕೆಟ್ಟು ನಿಂತಿತ್ತು, ಕಾಕಾ ಒಂದು ಕಡೆ ಕೂತು ಹೂ ಚಿವುಟುತ್ತಿದ್ದ.

"ಕಾಕಾ, ನಿನಗ ಹೆಸರು ಬೇಕೋ ಬ್ಯಾಡೋ? ಹೂ ಇದ್ರ ಯಾರರ ಗುರ್ತು ಹಿಡೀತಾರ. ಅದನ್ನ ಕಿತ್ತು ಒಗದು ಯಾಕ ಕೇಳ್ತಿ?" ಅಂತ ಒದರಿದೆ.

ಕಾಕಾ ತಲೆ ಎತ್ತಲಿಲ್ಲ. "ಆವತ್ತು ಹೂ ಇತ್ತೇನು?" ಅಂದ.

ಆವತ್ತು ಚಿಗವ್ವನ ಕೈಗೆ ಸಿಕ್ಕಿದ್ದು ಎಳೆಯ ಕುಡಿ. ಹೂವಿಲ್ಲ, ಕಾಯಿಲ್ಲ. ಅವಳಿಗೆ ಸಿಕ್ಕಷ್ಟನ್ನೇ ಕಾಕಾ ಹಕೀಮರ ಮುಂದೆ, ಸಾಹೇಬರ ಮುಂದೆ ಹಿಡಿಯುತ್ತಿದ್ದ. ಅವರಿಗೂ ಗೊತ್ತಾಗದಿದ್ದರೆ ಅವಳಿಗೆ ಹೇಗೆ ಗೊತ್ತಾಗಬೇಕಿತ್ತು? ಅವನು ತಿರುಗುತ್ತಿದ್ದದ್ದು ಹೆಸರಿಗಾಗಿ ಅಲ್ಲ, ಹೆಸರು ಗೊತ್ತಿಲ್ಲದವರಿಗಾಗಿ. ಇಷ್ಟು ತಿಳಿಯಲು ಮಕ್ಕಳಿಗೆ ಪಾಠ ಹೇಳುವ ನನಗೆ ಇಷ್ಟು ಊರು ಬೇಕಾದವು. ಆಮೇಲೆ ನಾನು ಹೂವಿನ ಮಾತು ಎತ್ತಲಿಲ್ಲ. ದಣಿವೇನೂ ಕಡಿಮೆಯಾಗಲಿಲ್ಲ ಬಿಡಿ, ಚೀಲ ಮಾತ್ರ ಮೊದಲಿನಷ್ಟು ಭಾರ ಅನ್ನಿಸಲಿಲ್ಲ.

ಕಡೆಯ ಪ್ರಯಾಣ ಗಂಗಾವತಿಗೆ. ಅಲ್ಲಿನ ಕಾಲೇಜೊಂದರಲ್ಲಿ ಗಿಡಗಳ ಪಾಠ ಹೇಳುವ ಮೇಡಂ ಒಬ್ಬರು ಮೈಸೂರು ಕಡೆಯಿಂದ ಬಂದಿದ್ದಾರೆಂದು ಯಾರೋ ಹೇಳಿದ್ದರು. "ಇವರಿಗೂ ಗೊತ್ತಾಗಲಿಲ್ಲ ಅಂದ್ರ ಮುಗೀತು ನೋಡು, ಅದರ ಮ್ಯಾಲೆ ಕೋರ್ಟಿಲ್ಲ" ಅಂದ ಕಾಕಾ ಉತ್ಸಾಹದಿಂದ. ಅವರಿಗಾಗಿ ಮಿರ್ಚಿಯನ್ನು ಮೊದಲೇ ಕಟ್ಟಿಸಿಕೊಂಡಿದ್ದ!

ಮೇಡಂ ಕುಡಿಯನ್ನು ಕೈಗೆ ತೆಗೆದುಕೊಂಡು, ಎಲೆಯ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿದರು. ಬೂದಿಯಂಥ ಪುಡಿ ಬೆರಳಿಗೆ ಬಂತು, ಎಲೆ ಅಷ್ಟು ಜಾಗದಲ್ಲಿ ಹಸಿರಾಯಿತು.

"ಕಾಡು ತಂಬಾಕು ಇದು. ನಮ್ಮ ದೇಶದ್ದಲ್ಲ, ಹೊರಗಿನಿಂದ ಬಂದು ಬರಡು ಜಾಗದಲ್ಲೆಲ್ಲ ಹಬ್ಬುತ್ತಿದೆ. ಹೂವಿದ್ದಿದ್ದರೆ ದೂರದಿಂದಲೇ ಹೇಳಬಹುದಿತ್ತು. ಎಳೆಯದಾದರೂ ಈ ಪುಡಿ, ಈ ನುಣುಪು ಸಾಕು. ರಾಜಗಿರಿಯಂಥ ತಿನ್ನೋ ಸೊಪ್ಪಿಗೆ ಇದಿರೋದಿಲ್ಲ" ಅಂದರು. ಆಮೇಲೆ ನಮ್ಮ ಮುಖ ನೋಡಿ, "ಯಾರಾದರೂ ತಿಂದಿದ್ದಾರಾ? ಜೀವಕ್ಕೇ ಅಪಾಯ. ಆದರೆ ಬಹಳ ಕಹಿ. ಬಾಯಿಗಿಟ್ಟರೆ ಗೊತ್ತಾಗುತ್ತೆ, ಯಾರೂ ಎರಡನೇ ತುತ್ತು ತಿನ್ನೋದಿಲ್ಲ" ಅಂದರು.

"ಇಲ್ರಿ, ಯಾರೂ ತಿಂದಿಲ್ರಿ" ಅಂದ ಕಾಕಾ. ಮಿರ್ಚಿಯ ಪೊಟ್ಟಣ ಕೊಡುವುದನ್ನು ಮರೆತ. ಬಸ್ಸಿನಲ್ಲಿ ಮೊದಲ ಸಲ ಟೊಂಗೆಯ ಚೀಲವನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಕಾಕಾ ಹೊಸ್ತಿಲಲ್ಲಿ ಕೂತ, ವರದಿ ಹೊರಡಲಿಲ್ಲ. ಯಾವತ್ತೂ ಕೇಳದ ಚಿಗವ್ವ ಆವತ್ತು ತಾನೇ ಕೇಳಿದಳು.

"ಏನಂದ್ರು?"

ಕಾಕಾನ ತಲೆ ಮೇಲೇಳಲಿಲ್ಲ. ನನಗೆ ಏನನ್ನಿಸಿತೋ, "ಅವರಿಗೂ ಗೊತ್ತಾಗಲಿಲ್ಲ ಚಿಗವ್ವ. ರಾಜಗಿರಿ ಅಂದ್ರು" ಅಂದೆ.

"ಸುಳ್ಳು" ಅಂದ ಕಾಕಾ. "ಕಾಡು ತಂಬಾಕಂತ. ಹೂ ಇರದಿದ್ರೂ ಗುರ್ತು ಹಿಡಿದ್ರು. ಅಷ್ಟ ಅಲ್ಲ, ಭಾಳ ಕಹಿ ಇರತೈತಿ, ಯಾರೂ ಎರಡನೇ ತುತ್ತು ತಿನ್ನಂಗಿಲ್ಲ ಅಂದ್ರು." ಚೀಲವನ್ನು ಹೊಸ್ತಿಲ ಮೇಲೆ ಇಟ್ಟ. "ನಾ ಎರಡು ಸಲ ಹಾಕಿಸ್ಕೊಂಡು ತಿಂದೆ. ಕಹಿ ಐತಿ ಅಂತ ನನಗ ಮೊದಲನೇ ತುತ್ತಿಗೇ ಗೊತ್ತಾಗಿತ್ತು. ಬೀಗರ ಮುಂದ ನಿನ್ನ ಪಲ್ಲೆ ಕಹಿ ಐತಿ ಅಂತ ಹೆಂಗ ಅನ್ಲಿ? ಅದಕ ಹೊಗಳಿದೆ. ನಾ ಒಂದು ಮಾತು ಅಂದಿದ್ರ ಅವರೂ ಬಿಡತಿದ್ರು. ಊರ ಮಂದಿ ನಿನಗ ಅಂದಿದ್ದೆಲ್ಲಾ ನನಗ ಅನ್ನಬೇಕಾಗಿತ್ತು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿದರೂ ಚಿಗವ್ವ ತಿರುವಿ ಹಾಕಲಿಲ್ಲ.

"ಗೊತ್ತೈತ್ರಿ" ಅಂದಳು. "ನಿಮ್ಮನ್ನೆಲ್ಲಾ ಚಕ್ಕಡ್ಯಾಗ ಒಯ್ದ ಮ್ಯಾಲೆ ಗಡಿಗಿ ತಳದಾಗಿಂದು ನಾಲಿಗಿಗೆ ಹಚ್ಚಿ ನೋಡಿದೆ. ವಿಷದಂಥಾ ಕಹಿ. ಇದನ್ನ ಇವರು ಎರಡು ಸಲ ಹೆಂಗ ತಿಂದ್ರು ಅಂತ ಆವತ್ತ ತಿಳೀತು. ನೀವಾಗಿ ಹೇಳ್ತೀರೇನೋ ಅಂತ ಕಾಯಾಕತ್ತಿದ್ದೆ."

"ಮತ್ತ ದಿನಾ ನಮ್ಮ ಮುಂದ ನೀ ತಿನ್ನೋದು? ಊರ ಮಂದಿ ಮಾತಿಗೆ ಅಲ್ಲೇನು?" ಕಾಕಾ ಬೆರಗಾಗಿ ಕೇಳಿದ.

"ಊರ ಮಂದಿ ನನ್ನ ಮನ್ಯಾಗ ಉಣ್ಣಾಕ ಬರತಾರೇನು? ನಿಮ್ಮ ನಾಲಿಗಿ ನಂಬಂಗಿಲ್ಲಲ್ಲರಿ. ನಾ ಏನ್ ಹಾಕಿದ್ರೂ ಛಲೋ ಐತಿ ಅಂದು ತಿಂದು ಸತ್ತು ಗಿತ್ತೀರಿ ಅಂತ ಅಂಜಿಕಿ ನನಗ."

ಚಿಗವ್ವ ಎದ್ದು ತಟ್ಟೆ ಹಾಕಿದಳು. ನಾವು ಕೂತೆವು. ಸೀದ ರೊಟ್ಟಿಯನ್ನು ಬದಿಗಿಟ್ಟು ಒಳ್ಳೆಯದನ್ನು ಹಾಕಿದಳು, ಬೇಳೆಯ ಪಾತ್ರೆ ತಂದಳು. ಅಭ್ಯಾಸದಂತೆ ಕಾಕಾ ಗೋಡೆಯ ಕಡೆ ತಿರುಗಲು ಹೋದ. ಆದರೆ ಸೌಟು ನೇರವಾಗಿ ಅವನ ತಟ್ಟೆಗೆ ಬಂತು. ಅವಳು ತಾನು ಮೊದಲು ತಿನ್ನಲಿಲ್ಲ. ಸೌಟು ಕೈಯಲ್ಲಿ ಹಿಡಿದು ಅವನ ಮುಖ ನೋಡುತ್ತ ನಿಂತಳು.

ಕಾಕಾ ಒಂದು ತುತ್ತು ಬಾಯಿಗಿಟ್ಟ. ನಿಧಾನವಾಗಿ ಅಗಿದ. ಹೊಗಳಲು ತೆರೆದ ಬಾಯಿಯನ್ನು ಒಮ್ಮೆ ಮುಚ್ಚಿದ. ಆಮೇಲೆ ಜೀವಮಾನದಲ್ಲಿ ಮೊದಲ ಸಲ, ತಲೆ ತಗ್ಗಿಸಿಕೊಂಡು ಹೇಳಿದ:

"ಉಪ್ಪು ಕಡಿಮಿ ಐತಿ."

ನಾನೂ ತಿಂದು ನೋಡಿದೆ. ಖರೆ, ಕಡಿಮೆಯೇ ಇತ್ತು.

"ಹಾಂ, ತರತೀನ್ರಿ" ಅಂದು ಚಿಗವ್ವ ಲಗುಬಗೆಯಿಂದ ಒಳಗೆ ಹೋದಳು. ಉಪ್ಪಿನ ಗಡಿಗೆ ಒಲೆಯ ಪಕ್ಕದಲ್ಲೇ, ಕೈಗೆ ಸಿಗುವಂತೆ ಇತ್ತು. ಆದರೂ ಆವತ್ತು ಅವಳು ಉಪ್ಪು ತಂದು ಬಡಿಸಲು ಬಹಳ ಹೊತ್ತಾಯಿತು. ನಾವಿಬ್ಬರೂ ಕೈ ತಡೆದು ಕಾಯುತ್ತ ಕೂತಿದ್ದೆವು.